ಹಿಡಿ, ಬಿಡು: ಥ್ರೆಡ್‌ಗಳ ನಡುವೆ ರೆಫರೆನ್ಸ್ ಎಣಿಕೆಯನ್ನು ಕೆಡದಂತೆ ಬರೆಯುವ ಬಗೆ

ನಾನು ಬರೆದ ಒಂದು ನೆಟ್‌ವರ್ಕ್ ಪ್ರೋಗ್ರಾಂ ಕಚೇರಿಯ ಇಂಟೆಲ್ ಯಂತ್ರಗಳಲ್ಲಿ ತಿಂಗಳುಗಟ್ಟಲೆ ತಕರಾರಿಲ್ಲದೆ ಓಡಿತ್ತು. ಅದೇ ಪ್ರೋಗ್ರಾಂ ಆರ್ಮ್ ಪ್ರೊಸೆಸರಿನ ಪುಟ್ಟ ಬೋರ್ಡಿನ ಮೇಲೆ ಹತ್ತು ಹದಿನೈದು ದಿನಕ್ಕೊಮ್ಮೆ ಸತ್ತು ಬೀಳುತ್ತಿತ್ತು, ಪ್ರತಿ ಸಲವೂ ಬೇರೆ ಜಾಗದಲ್ಲಿ. ಮೊದಲು ಹಾರ್ಡ್‌ವೇರನ್ನು, ಆಮೇಲೆ ಕಂಪೈಲರನ್ನು, ಕೊನೆಗೆ ವಿದ್ಯುತ್ ಪೂರೈಕೆಯನ್ನೂ ಅನುಮಾನಿಸಿ ಎರಡು ವಾರ ಕಳೆದೆ. ತಪ್ಪು ಇದ್ದದ್ದು ನನ್ನದೇ ಒಂದು ಸಾಲಿನ ಒಂದು ಪದದಲ್ಲಿ. ರೆಫರೆನ್ಸ್ ಎಣಿಕೆ ಎಂದರೆ ಒಂದು ವಸ್ತುವನ್ನು ಎಷ್ಟು ಮಂದಿ ಹಿಡಿದಿದ್ದಾರೆ ಎಂಬ ಲೆಕ್ಕ. ಅದನ್ನು ಇಳಿಸುವ ಕಡೆ ‘ರಿಲೀಸ್’ (ಇದಕ್ಕೆ ಮುಂಚಿನ ನನ್ನ ಬರಹಗಳು ಮೊದಲು ಕಾಣಲಿ ಎಂಬ ಕ್ರಮ) ಎಂದು ಬರೆಯಬೇಕಾದಲ್ಲಿ ‘ರಿಲ್ಯಾಕ್ಸ್ಡ್’ (ಕ್ರಮದ ಖಾತರಿಯೇ ಇಲ್ಲದ್ದು) ಎಂದು ಬರೆದಿದ್ದೆ.

ಆ ಎರಡು ವಾರಗಳಲ್ಲಿ ಕಲಿತದ್ದನ್ನೂ ಆಮೇಲೆ ಇತರರ ಕೋಡ್ ಓದುತ್ತ ಕಂಡದ್ದನ್ನೂ ಇಲ್ಲಿ ಹೆಜ್ಜೆಹೆಜ್ಜೆಯಾಗಿ ಇಡುತ್ತಿದ್ದೇನೆ. ಉದಾಹರಣೆಗೆ ಒಂದು ‘ಸೆಷನ್’ ವಸ್ತುವನ್ನು ಇಟ್ಟುಕೊಳ್ಳೋಣ: ಒಬ್ಬ ಗ್ರಾಹಕನ ಸಂಪರ್ಕದ ವಿವರಗಳು ಅದರಲ್ಲಿವೆ, ಹಲವು ಥ್ರೆಡ್‌ಗಳು (ಒಂದೇ ಪ್ರೋಗ್ರಾಂನೊಳಗೆ ಒಟ್ಟಿಗೆ ಓಡುವ ಎಳೆಗಳು) ಅದನ್ನು ಮುಟ್ಟುತ್ತವೆ, ಎಲ್ಲರೂ ಕೈಬಿಟ್ಟ ಮೇಲೆ ಅದರ ಮೆಮೊರಿ ವಾಪಸಾಗಬೇಕು. ಭಾಷೆ ಸಿ ಎಂದುಕೊಳ್ಳಿ. 2011ರ ಪ್ರಮಾಣದಿಂದಾಚೆಗೆ ಅಟಾಮಿಕ್ ಕ್ರಿಯೆಗಳು, ಅಂದರೆ ನಡುವೆ ಬೇರೆ ಥ್ರೆಡ್ ನುಸುಳಲಾಗದ ಕ್ರಿಯೆಗಳು, ಅದರಲ್ಲೇ ಇವೆ. ಹೆಸರುಗಳನ್ನು ಮಾತ್ರ ಕನ್ನಡದಲ್ಲೇ ಇಟ್ಟಿದ್ದೇನೆ. ಎಣಿಕೆ ಏರಿಸುವ ಫಂಕ್ಷನ್ ‘ಹಿಡಿ’, ಇಳಿಸುವುದು ‘ಬಿಡು’, ಒಬ್ಬರ ಕೈಯಲ್ಲಿರುವ ಒಂದು ರೆಫರೆನ್ಸ್ ಒಂದು ‘ಹಿಡಿತ’.

ಹೆಜ್ಜೆ 1: ಕೋಡ್‌ಗೆ ಮೊದಲು ಒಡೆತನವನ್ನು ಬರೆದಿಡಿ

ಎಣಿಕೆ ಬೇಕೇ ಎಂಬುದನ್ನೇ ಮೊದಲು ಕೇಳಿಕೊಳ್ಳಿ. ಸೆಷನ್‌ಗೆ ಒಬ್ಬನೇ ಒಡೆಯನಿದ್ದು ಉಳಿದವರು ಅವನು ಬದುಕಿರುವಷ್ಟು ಹೊತ್ತು ಮಾತ್ರ ಎರವಲು ಪಡೆಯುವುದಾದರೆ ಎಣಿಕೆಯ ಗೊಡವೆಯೇ ಬೇಡ. ಯಾರು ಕೊನೆಯವರು ಎಂದು ಮುಂಚೆ ಹೇಳಲಾಗದ ಪರಿಸ್ಥಿತಿಗೆ ಮಾತ್ರ ಇದು ಮದ್ದು.

ಬೇಕೆಂದಾದರೆ ಹೆಡರ್ ಫೈಲಿನಲ್ಲಿ ಪ್ರತಿ ಫಂಕ್ಷನ್‌ನ ಮೇಲೆ ಒಂದು ಸಾಲು ಬರೆಯಿರಿ: ಇದು ಹಿಡಿತವನ್ನು ಎರವಲು ಪಡೆಯುತ್ತದೆಯೇ, ತನ್ನದಾಗಿಸಿಕೊಳ್ಳುತ್ತದೆಯೇ, ಕರೆದವರಿಗೆ ಹೊಸದೊಂದನ್ನು ಕೊಡುತ್ತದೆಯೇ? ಸೆಷನ್ ಹುಟ್ಟುವಾಗ ಎಣಿಕೆ 1. ಆ ಒಂದು ಹಿಡಿತ ಹುಟ್ಟಿಸಿದವನದು. ಕರೆ ಮುಗಿಯುವವರೆಗೆ ಮಾತ್ರ ಪಾಯಿಂಟರ್ (ವಸ್ತುವಿನ ಮೆಮೊರಿ ವಿಳಾಸ) ಕೊಡುತ್ತಿದ್ದರೆ ಏರಿಸಬೇಕಾಗಿಲ್ಲ, ಏಕೆಂದರೆ ಕರೆದವನ ಹಿಡಿತವೇ ಆ ಹೊತ್ತಿಗೆ ಕಾವಲು. ಇನ್ನೊಂದು ಥ್ರೆಡ್‌ಗೆ ಕೊಡುತ್ತಿದ್ದರೆ ಥ್ರೆಡ್ ಹುಟ್ಟುವ ಮೊದಲೇ ಅದರ ಪರವಾಗಿ ನೀವು ‘ಹಿಡಿ’ ಕರೆಯಬೇಕು. ‘ಹೊಸ ಥ್ರೆಡ್ ತಾನೇ ಮೊದಲ ಸಾಲಿನಲ್ಲಿ ಹಿಡಿದುಕೊಳ್ಳಲಿ’ ಎಂದು ಬಿಟ್ಟರೆ, ಅದು ಓಡಲು ಶುರುವಾಗುವ ಹೊತ್ತಿಗೆ ನೀವು ನಿಮ್ಮದನ್ನು ಬಿಟ್ಟು ಸೆಷನ್ ಮಣ್ಣಾಗಿರಬಹುದು. ಥ್ರೆಡ್ ಹುಟ್ಟುವುದು ವಿಫಲವಾದರೆ ಅದರ ಪರವಾಗಿ ಹಿಡಿದದ್ದನ್ನು ನೀವೇ ಬಿಡಬೇಕು.

ಜನ ಎಡವುವುದು ಹೆಚ್ಚಾಗಿ ಈ ಕೊನೆಯ ಮಾತಿನಲ್ಲೇ. 2016ರ ಜನವರಿಯಲ್ಲಿ ಬೆಳಕಿಗೆ ಬಂದ ಲಿನಕ್ಸ್ ಕರ್ನಲ್‌ನ ದೋಷವೊಂದು, ಸಿವಿಇ-2016-0728, ಇದಕ್ಕೆ ಪಾಠದಂತಿದೆ. ಕೀಲಿಗಳನ್ನು ಕಾಯ್ದಿಡುವ ಕೀರಿಂಗ್ ವ್ಯವಸ್ಥೆಯಲ್ಲಿ, ಪ್ರಕ್ರಿಯೆಯೊಂದು ಹೆಸರು ಹೇಳಿ ಸೆಷನ್ ಕೀರಿಂಗ್ ಸೇರಬಹುದು. ಹೆಸರಿನಿಂದ ಹುಡುಕುವ ಫಂಕ್ಷನ್ ಎಣಿಕೆಯನ್ನು ಒಂದು ಏರಿಸಿ ಕೊಡುತ್ತದೆ. ಸಿಕ್ಕಿದ್ದು ಆ ಪ್ರಕ್ರಿಯೆ ಈಗಾಗಲೇ ಹೊಂದಿರುವ ಕೀರಿಂಗೇ ಆಗಿದ್ದರೆ ಬೇರೆ ಕೆಲಸವಿಲ್ಲ, ಹಿಂದಿರುಗಬಹುದು. ಆ ಹಿಂದಿರುಗುವ ದಾರಿಯಲ್ಲಿ ‘ಬಿಡು’ ಇರಲಿಲ್ಲ. ಅಷ್ಟೇ. ಪ್ರತಿ ಕರೆಗೆ ಎಣಿಕೆ ಒಂದೊಂದೇ ಏರುತ್ತ, 32 ಬಿಟ್‌ಗಳ ಎಣಿಕೆ ಒಂದು ಸುತ್ತು ಮುಗಿಸಿ ಸೊನ್ನೆಗೆ ಮರಳುವವರೆಗೆ ಅದೇ ಕರೆಯನ್ನು ಮತ್ತೆ ಮತ್ತೆ ಮಾಡಿದರೆ, ಬಳಕೆಯಲ್ಲಿರುವ ವಸ್ತುವನ್ನೇ ಕರ್ನಲ್ ಮುಕ್ತಗೊಳಿಸಿಬಿಡುತ್ತಿತ್ತು. ಸಾಮಾನ್ಯ ಬಳಕೆದಾರ ರೂಟ್ (ಎಲ್ಲ ಅಧಿಕಾರವುಳ್ಳ ಬಳಕೆದಾರ) ಆಗಲು ಅಷ್ಟು ಸಾಕು. ದೋಷ 3.8ನೇ ಆವೃತ್ತಿಯಿಂದಲೂ ಅಲ್ಲಿತ್ತು. ಗಮನಿಸಿ, ಅಲ್ಲಿನ ಕೂಡುವಿಕೆ ಕಳೆಯುವಿಕೆಗಳೆಲ್ಲ ಅಟಾಮಿಕ್ ಆಗಿಯೇ ಇದ್ದವು. ಕೆಟ್ಟದ್ದು ಲೆಕ್ಕವಲ್ಲ, ಲೆಕ್ಕದ ಹಿಂದಿನ ಒಪ್ಪಂದ.

ಹೆಜ್ಜೆ 2: ಸಾದಾ ಕೂಡುವಿಕೆಯನ್ನು ಮರೆತುಬಿಡಿ

ಒಂದು ಸಂಖ್ಯೆಗೆ ಒಂದು ಕೂಡಿಸುವುದು ಪ್ರೊಸೆಸರಿಗೆ ಮೂರು ಕೆಲಸ: ಓದು, ಕೂಡಿಸು, ಬರೆ. ಎರಡು ಥ್ರೆಡ್‌ಗಳು ಏಕಕಾಲಕ್ಕೆ 5 ಎಂದು ಓದಿ ಎರಡೂ 6 ಎಂದು ಬರೆದರೆ ಒಂದು ಹಿಡಿತ ಲೆಕ್ಕದಿಂದ ಜಾರಿತು. ಏರಿಕೆ ಕಳೆದುಹೋದರೆ ಅಕಾಲ ಮರಣ, ಇಳಿಕೆ ಕಳೆದುಹೋದರೆ ಮೆಮೊರಿ ಸೋರಿಕೆ. ‘ವೊಲಟೈಲ್’ ಎಂದು ಬರೆದರೆ ಇದು ಸರಿಹೋಗದು. ಆ ಪದಕ್ಕೂ ಥ್ರೆಡ್‌ಗಳಿಗೂ ಸಿ ಭಾಷೆಯಲ್ಲಿ ನಂಟಿಲ್ಲ. ಎಣಿಕೆಯ ಪ್ರಕಾರವನ್ನೇ ಅಟಾಮಿಕ್ ಎಂದು ಘೋಷಿಸಿ, ‘ಹಿಡಿ’, ‘ಬಿಡು’ ಬಿಟ್ಟು ಬೇರೆ ಯಾವ ಫಂಕ್ಷನ್ನೂ ಅದನ್ನು ನೇರವಾಗಿ ಮುಟ್ಟದಂತೆ ಮಾಡಿ.

ಹೆಜ್ಜೆ 3: ಏರಿಸುವುದು ಸುಲಭ, ಒಂದು ಷರತ್ತಿನ ಮೇಲೆ

‘ಹಿಡಿ’ಯೊಳಗೆ ರಿಲ್ಯಾಕ್ಸ್ಡ್ ಕ್ರಮದ ಅಟಾಮಿಕ್ ಕೂಡುವಿಕೆ ಸಾಕು. ರಸ್ಟ್ ಭಾಷೆಯಲ್ಲಿ ಎಣಿಕೆಯನ್ನು ನೋಡಿಕೊಳ್ಳುವ ಪಾಯಿಂಟರ್ ಆದ ಆರ್ಕ್ ಕೂಡ ತನ್ನ ಪ್ರತಿ ಮಾಡುವಾಗ ಇದನ್ನೇ ಬಳಸುತ್ತದೆ. ಇಷ್ಟು ಸಡಿಲ ಕ್ರಮ ಹೇಗೆ ಸಾಲುತ್ತದೆ? ಏರಿಸುತ್ತಿರುವವನ ಕೈಯಲ್ಲಿ ಆಗಲೇ ಒಂದು ಹಿಡಿತವಿದೆ, ಹಾಗಾಗಿ ಎಣಿಕೆ ಸೊನ್ನೆಯಾಗಿರಲು ಸಾಧ್ಯವೇ ಇಲ್ಲ. ವಸ್ತುವಿನ ಒಳಗಿನ ವಿವರಗಳು ಅವನಿಗೆ ಸರಿಯಾಗಿ ಕಾಣುವಂತೆ ಮಾಡಿದ ಕೆಲಸ, ಪಾಯಿಂಟರ್ ಅವನ ಕೈಗೆ ಬಂದಾಗಲೇ, ಕ್ಯೂನಿಂದಲೋ, ಒಮ್ಮೆಗೆ ಒಬ್ಬರನ್ನೇ ಬಿಡುವ ಲಾಕ್ ಆದ ಮ್ಯೂಟೆಕ್ಸ್‌ನಿಂದಲೋ ಆಗಿಹೋಗಿದೆ. ಎಣಿಕೆ ಏರಿಸುವುದರಿಂದ ಅವನು ಯಾರಿಗೂ ಏನನ್ನೂ ಸಾರುತ್ತಿಲ್ಲ.

ಷರತ್ತು ಇದು: ಹಿಡಿತ ಇದ್ದವನು ಮಾತ್ರ ಇನ್ನೊಂದು ಹಿಡಿತವನ್ನು ಹುಟ್ಟಿಸಬಹುದು. ಬರೀ ಪಾಯಿಂಟರ್ ಕಂಡಿದ್ದವನಿಗೆ ಆ ಹಕ್ಕಿಲ್ಲ. ಐದನೆಯ ಹೆಜ್ಜೆಯ ತಲೆನೋವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಹೆಜ್ಜೆ 4: ಇಳಿಸುವುದು

ನಮ್ಮ ಕಚೇರಿಗಳ ಗೋಡೆಯ ಮೇಲೆ ‘ಕೊನೆಯಲ್ಲಿ ಹೊರಡುವವರು ದೀಪ, ಫ್ಯಾನ್ ಆರಿಸಿ’ ಎಂಬ ಚೀಟಿ ಇರುತ್ತದಲ್ಲ, ‘ಬಿಡು’ ಆ ಚೀಟಿಯ ಕೋಡ್ ರೂಪ. ಇಬ್ಬರು ಒಟ್ಟಿಗೇ ಬಾಗಿಲು ದಾಟಿದಾಗ ಕೊನೆಯವರು ಯಾರು ಎಂಬುದು ತೀರ್ಮಾನವಾಗಬೇಕು. ಜೊತೆಗೆ, ಮೊದಲು ಹೊರಟವನ ಕೆಲಸ ನಿಜಕ್ಕೂ ಮುಗಿದ ಮೇಲೆಯೇ ದೀಪ ಆರಬೇಕು.

ಬಿಡು(ಸೆಷನ್):
    ಹಳೆಯದು = ಅಟಾಮಿಕ್_ಕಳೆ(ಸೆಷನ್.ಎಣಿಕೆ, 1, ರಿಲೀಸ್)
    ಹಳೆಯದು == 1 ಆದರೆ:
        ಬೇಲಿ(ಅಕ್ವೈರ್)
        ನಾಶಮಾಡು(ಸೆಷನ್)

ಮೊದಲ ತೀರ್ಮಾನ ಕಳೆಯುವ ಕ್ರಿಯೆ ಹಿಂದಿರುಗಿಸುವ ಹಳೆಯ ಬೆಲೆಯಿಂದಲೇ ಆಗಬೇಕು. ಹಳೆಯ ಬೆಲೆ 1 ಎಂದು ಒಬ್ಬನಿಗೆ ಮಾತ್ರ ಕಾಣುತ್ತದೆ. ‘ಮೊದಲು ಕಳೆ, ಆಮೇಲೆ ಬೇರೆ ಸಾಲಿನಲ್ಲಿ ಓದಿ ಸೊನ್ನೆಯೇ ನೋಡು’ ಎಂದು ಬರೆದ ಕೋಡ್ ನೋಡಲು ಅದೇ ಕೆಲಸ ಮಾಡುವಂತಿದೆ. ಆದರೆ ಇಬ್ಬರೂ ಕಳೆದು, ಇಬ್ಬರೂ ಸೊನ್ನೆ ಓದಿ, ಇಬ್ಬರೂ ನಾಶಮಾಡಬಹುದು. ಅದಕ್ಕಿಂತ ಕೆಟ್ಟದ್ದು, ಕಳೆದಾದ ಮೇಲೆ ಆ ವಸ್ತು ನಿಮ್ಮದಲ್ಲ. ಎಣಿಕೆಯನ್ನು ಓದುವುದೂ ಪರರ ಮೆಮೊರಿಯನ್ನು ಓದಿದಂತೆ. ಲಾಗ್‌ನಲ್ಲಿ ‘ಈಗ ಎಣಿಕೆ ಇಷ್ಟು’ ಎಂದು ಮುದ್ರಿಸಲು ಹೋಗಿ ಹೊಸ ದೋಷ ಹುಟ್ಟಿಸಿದವರನ್ನು ನೋಡಿದ್ದೇನೆ. ಮುದ್ರಿಸಲೇಬೇಕಿದ್ದರೆ ‘ಹಳೆಯದು’ ಚರಾಂಶವನ್ನು ಮುದ್ರಿಸಿ.

ಎರಡನೆಯ ಅಗತ್ಯಕ್ಕೆ ರಿಲೀಸ್ ಮತ್ತು ಅಕ್ವೈರ್. ಒಬ್ಬ ರಿಲೀಸ್‌ಗೆ ಮುಂಚೆ ಬರೆದದ್ದೆಲ್ಲ ಅಕ್ವೈರ್ ಮಾಡಿದವನಿಗೆ ಕಾಣುತ್ತದೆ. ಬೇಲಿ ಎಂದರೆ ಮೆಮೊರಿ ಕ್ರಿಯೆಗಳು ತನ್ನನ್ನು ದಾಟಿ ಅತ್ತಿತ್ತ ಆಗದಂತೆ ತಡೆಯುವ ಸೂಚನೆ. ನನ್ನ ಥ್ರೆಡ್ ಸೆಷನ್‌ನ ಬಫರ್ ಪಾಯಿಂಟರನ್ನು ಬದಲಿಸಿ, ಆಮೇಲೆ ಎಣಿಕೆ ಇಳಿಸಿತು ಎನ್ನಿ. ಇಳಿಕೆ ರಿಲ್ಯಾಕ್ಸ್ಡ್ ಆಗಿದ್ದರೆ, ಈ ಎರಡೂ ಬೇರೆಯವರಿಗೆ ಇದೇ ಕ್ರಮದಲ್ಲಿ ಕಾಣಬೇಕೆಂಬ ನಿಯಮವಿಲ್ಲ. ಕೊನೆಯ ಥ್ರೆಡ್ ಎಣಿಕೆ ಇಳಿದದ್ದನ್ನು ಕಂಡು, ಬಫರಿನ ಹಳೆಯ ಪಾಯಿಂಟರನ್ನೇ ಓದಿ ಅದನ್ನು ಮತ್ತೊಮ್ಮೆ ಮುಕ್ತಗೊಳಿಸಬಹುದು. ಅಥವಾ ನನ್ನ ಬರಹ ತಡವಾಗಿ ಬಂದು, ಆಗಲೇ ಬೇರೆ ವಸ್ತುವಿನ ಪಾಲಾಗಿರುವ ಮೆಮೊರಿಯ ಮೇಲೆ ಬೀಳಬಹುದು. ನನ್ನ ಬೋರ್ಡಿನಲ್ಲಿ ಆಗುತ್ತಿದ್ದದ್ದು ಇದೇ. ಎಕ್ಸ್86 ಪ್ರೊಸೆಸರುಗಳಲ್ಲಿ (ಕಚೇರಿಯ ಇಂಟೆಲ್ ಯಂತ್ರಗಳು ಇವೇ) ಅಟಾಮಿಕ್ ಕಳೆಯುವಿಕೆಗೆ ಬಳಕೆಯಾಗುವ, ಲಾಕ್ ಪೂರ್ವಪದವಿರುವ ಸೂಚನೆ ತಾನಾಗಿಯೇ ಪೂರ್ಣ ಬೇಲಿ. ನೀವು ಏನೇ ಬರೆದರೂ ಯಂತ್ರದ ಮಟ್ಟದಲ್ಲಿ ಸಿಗುವುದು ಗಟ್ಟಿಯಾದದ್ದೇ. ಹಾಗಾಗಿ ಅಲ್ಲಿ ನನ್ನ ತಪ್ಪು ಹೆಚ್ಚುಕಡಿಮೆ ಮರೆಯಾಗಿತ್ತು. ಆರ್ಮ್ ನೀವು ಕೇಳಿದಷ್ಟನ್ನೇ ಕೊಡುತ್ತದೆ.

ಇಲ್ಲಿ ಸೂಕ್ಷ್ಮವಾದ ಪ್ರಶ್ನೆಯೊಂದಿದೆ: ಹತ್ತು ಥ್ರೆಡ್‌ಗಳು ಬಿಟ್ಟಿದ್ದರೆ, ಹತ್ತನೆಯವನ ಅಕ್ವೈರ್ ಒಂಬತ್ತನೆಯವನ ಇಳಿಕೆಯನ್ನಷ್ಟೇ ನೇರವಾಗಿ ಓದಿದೆ. ಮೊದಲ ಎಂಟು ಮಂದಿಯ ಬರಹಗಳು ಅವನಿಗೆ ಕಾಣುವ ಖಾತರಿ ಎಲ್ಲಿಂದ? ಉತ್ತರ ಮೆಮೊರಿ ಮಾದರಿಯ ‘ರಿಲೀಸ್ ಸರಣಿ’ಯಲ್ಲಿದೆ. ಒಂದು ರಿಲೀಸ್ ಬರಹದ ಮೇಲೆ ಓದಿ-ಬದಲಿಸಿ-ಬರೆಯುವ ಅಟಾಮಿಕ್ ಕ್ರಿಯೆಗಳೇ ಒಂದರ ಹಿಂದೊಂದು ಬರುತ್ತಿದ್ದರೆ, ಅವು ಯಾವ ಥ್ರೆಡ್‌ನವಾದರೂ, ರಿಲ್ಯಾಕ್ಸ್ಡ್ ಆಗಿದ್ದರೂ, ಸರಣಿ ಕಡಿಯುವುದಿಲ್ಲ. ನಡುವೆ ನುಸುಳಿದ ‘ಹಿಡಿ’ಗಳಿಂದಲೂ ಭಂಗವಿಲ್ಲ. ಆದರೆ ಬುದ್ಧಿವಂತಿಕೆ ತೋರಲು ಹೋಗಿ ಎಣಿಕೆಯ ಮೇಲೆ ಸಾದಾ ಅಟಾಮಿಕ್ ಬರಹ ಮಾಡಿದಿರೋ, ಸರಣಿ ಅಲ್ಲಿಗೆ ತುಂಡಾಗುತ್ತದೆ.

ಇಷ್ಟೆಲ್ಲ ತಲೆಗೆ ಹತ್ತದ ದಿನ ಎರಡೂ ಸೇರಿರುವ ಅಕ್ವೈರ್-ರಿಲೀಸ್ ಕ್ರಮವನ್ನೇ ಇಳಿಕೆಗೆ ಬರೆದು ಮುಂದೆ ಹೋಗಿ. ಎಕ್ಸ್86ನಲ್ಲಿ ಅದರಿಂದ ಪೈಸೆ ನಷ್ಟವಿಲ್ಲ. ಇನ್ನೊಂದು ಅನುಕೂಲವೂ ಇದೆ: ಥ್ರೆಡ್‌ಗಳ ನಡುವಿನ ತಪ್ಪು ಹುಡುಕುವ ಉಪಕರಣವಾದ ಥ್ರೆಡ್ ಸ್ಯಾನಿಟೈಸರ್‌ಗೆ ಬೇಲಿಗಳು ಅರ್ಥವಾಗುವುದಿಲ್ಲ, ಸರಿಯಾದ ಕೋಡ್‌ನ ಮೇಲೂ ಅದು ದೂರು ಹೇಳುತ್ತದೆ. ಆ ಉಪಕರಣದಡಿ ಓಡುವಾಗ ರಸ್ಟ್‌ನ ಆರ್ಕ್ ಕೂಡ ಬೇಲಿಯ ಬದಲು ಅಕ್ವೈರ್ ಓದುವಿಕೆಯನ್ನು ಬಳಸುತ್ತದೆ.

ಹೆಜ್ಜೆ 5: ಹಿಡಿತವಿಲ್ಲದೆ ಪಾಯಿಂಟರ್ ಕಂಡಾಗ

ಸೆಷನ್‌ಗಳನ್ನು ಒಂದು ಹ್ಯಾಷ್ ಕೋಷ್ಟಕದಲ್ಲಿ ಇಟ್ಟಿದ್ದೀರಿ. ಪ್ಯಾಕೆಟ್ ಬಂತು, ಥ್ರೆಡ್ ‘ಅ’ ಕೋಷ್ಟಕದಲ್ಲಿ ಹುಡುಕಿ ಪಾಯಿಂಟರ್ ಪಡೆಯಿತು, ಇನ್ನೇನು ‘ಹಿಡಿ’ ಕರೆಯಬೇಕು. ಆ ಎರಡರ ನಡುವಿನ ಕಿಂಡಿಯಲ್ಲಿ ಥ್ರೆಡ್ ‘ಬ’ ಕೊನೆಯ ಹಿಡಿತ ಬಿಟ್ಟಿತು. ಈಗ ‘ಅ’ ಎಣಿಕೆಯನ್ನು 0ಯಿಂದ 1ಕ್ಕೆ ಏರಿಸುತ್ತದೆ, ‘ಬ’ ಆ ವಸ್ತುವನ್ನು ನಾಶಮಾಡುತ್ತಿದೆ. ಸತ್ತವನ ನಾಡಿ ಹಿಡಿದು ಬದುಕಿದ್ದಾನೆ ಎಂದಂತಾಯಿತು. ಅಟಾಮಿಕ್ ಕೂಡುವಿಕೆ ಇಲ್ಲಿ ಏನೂ ಮಾಡಲಾರದು.

ಬಿಡಿಸಿಕೊಳ್ಳಲು ಮೂರು ದಾರಿಗಳಿವೆ. ನನ್ನ ಮೊದಲ ಆಯ್ಕೆ ಯಾವತ್ತೂ ಸರಳವಾದದ್ದೇ: ಕೋಷ್ಟಕಕ್ಕೂ ಒಂದು ಹಿಡಿತ ಕೊಡಿ. ಹುಡುಕುವುದು, ‘ಹಿಡಿ’ಯುವುದು ಎರಡನ್ನೂ ಕೋಷ್ಟಕದ ಲಾಕ್‌ನ ಒಳಗೇ ಮಾಡಿ. ವಸ್ತು ಕೋಷ್ಟಕದಲ್ಲಿದೆ ಎಂದರೆ ಎಣಿಕೆ ಕನಿಷ್ಠ 1 ಇದ್ದೇ ಇರುತ್ತದೆ, ಹಾಗಾಗಿ ಸಾದಾ ‘ಹಿಡಿ’ ಸುರಕ್ಷಿತ. ತೆಗೆಯುವಾಗ ಲಾಕ್‌ನೊಳಗೆ ಕೋಷ್ಟಕದಿಂದ ಬಿಡಿಸಿ, ಲಾಕ್ ಬಿಟ್ಟ ಮೇಲೆ ಕೋಷ್ಟಕದ ಪರವಾದ ಹಿಡಿತವನ್ನು ಬಿಡಿ. ತೊಂಬತ್ತು ಪಾಲು ಸಂದರ್ಭಗಳಿಗೆ ಇದು ಸಾಕು ಎಂಬುದು ನನ್ನ ಅನುಭವ.

ಯಾರಿಗೂ ಬೇಡವಾದ ವಸ್ತು ಕೋಷ್ಟಕದಿಂದ ತಾನಾಗಿಯೇ ಮರೆಯಾಗಬೇಕು ಎನ್ನುವವರಿಗೆ ಎರಡನೆಯ ದಾರಿ. ಕೋಷ್ಟಕಕ್ಕೆ ಹಿಡಿತವಿಲ್ಲ, ನಾಶಮಾಡುವ ಮೊದಲು ವಸ್ತುವೇ ಲಾಕ್ ಹಿಡಿದು ಕೋಷ್ಟಕದಿಂದ ತನ್ನನ್ನು ಬಿಡಿಸಿಕೊಳ್ಳುತ್ತದೆ. ಹುಡುಕುವವರು ಲಾಕ್‌ನ ಒಳಗೆ ಈ ಫಂಕ್ಷನ್ ಬಳಸಬೇಕು:

ಸಿಕ್ಕರೆ_ಹಿಡಿ(ಸೆಷನ್):
    ಈಗ = ಅಟಾಮಿಕ್_ಓದು(ಸೆಷನ್.ಎಣಿಕೆ)
    ಈಗ ಸೊನ್ನೆಯಲ್ಲದಿರುವ ತನಕ:
        ಎಣಿಕೆ ಇನ್ನೂ ‘ಈಗ’ಕ್ಕೆ ಸಮನಿದ್ದರೆ ಒಂದೇ ಏಟಿಗೆ ‘ಈಗ + 1’ ಬರೆದು ‘ಸಿಕ್ಕಿತು’ ಎನ್ನು
        ಇಲ್ಲದಿದ್ದರೆ ಹೊಸ ಬೆಲೆಯನ್ನು ‘ಈಗ’ಕ್ಕೆ ತುಂಬಿ ಮತ್ತೆ ನೋಡು
    ‘ಸಿಗಲಿಲ್ಲ’ ಎನ್ನು

ಸೊನ್ನೆ ಮುಟ್ಟಿದ ಎಣಿಕೆ ಇಲ್ಲಿ ಎಂದಿಗೂ ಮೇಲೇಳುವುದಿಲ್ಲ. ಆದರೆ ಒಂದು ಮಾತು: ಎಣಿಕೆಯನ್ನು ಓದುವ ಆ ಕ್ಷಣದಲ್ಲಿ ಮೆಮೊರಿಯಾದರೂ ಅಲ್ಲಿರಬೇಕಲ್ಲ. ಅದನ್ನು ಕಾಯುತ್ತಿರುವುದು ಲಾಕ್, ಈ ಫಂಕ್ಷನ್ ಅಲ್ಲ. ಲಾಕ್ ಇಲ್ಲದೆ ‘ಸಿಕ್ಕರೆ_ಹಿಡಿ’ ಬಳಸಿ ಸುರಕ್ಷಿತ ಎಂದುಕೊಳ್ಳುವುದು ಬಹಳ ಸಾಮಾನ್ಯವಾದ ಭ್ರಮೆ.

ಮೂರನೆಯ ದಾರಿ ಕರ್ನಲ್‌ನ ಆರ್‌ಸಿಯು. ಹುಡುಕುವವರು ಲಾಕ್ ಹಿಡಿಯುವುದಿಲ್ಲ, ‘ಓದುತ್ತಿದ್ದೇನೆ’ ಎಂಬ ಗಡಿಯೊಳಗೆ ‘ಸಿಕ್ಕರೆ_ಹಿಡಿ’ ಬಳಸುತ್ತಾರೆ. ನಾಶಮಾಡುವವರು ಆಗ ಓದುತ್ತಿದ್ದವರೆಲ್ಲ ಗಡಿ ದಾಟುವವರೆಗೆ ಮೆಮೊರಿಯನ್ನು ಹಿಂದಿರುಗಿಸುವುದಿಲ್ಲ. ಅದೇ ಬಗೆಯ ಹೊಸ ವಸ್ತುವಿಗೆ ಮೆಮೊರಿಯನ್ನು ಕೂಡಲೇ ಮರುಬಳಸುವ, ಒಂದೇ ಬಗೆಯ ವಸ್ತುಗಳ ಮೆಮೊರಿ ಸಂಗ್ರಹಗಳಾದ ಸ್ಲ್ಯಾಬ್‌ಗಳೂ ಇವೆ. ಅಲ್ಲಿ ಹಿಡಿತ ಸಿಕ್ಕ ಮೇಲೆ ‘ನಾನು ಹುಡುಕಿದ ಗ್ರಾಹಕನೇ ಇವನು’ ಎಂದು ಕೀಲಿಯನ್ನು ಮತ್ತೊಮ್ಮೆ ಹೋಲಿಸಲೇಬೇಕು, ಆ ಹಿಡಿತವೂ ಅಕ್ವೈರ್ ಕ್ರಮದ್ದಾಗಿರಬೇಕು.

ಸಿ++ ಬಳಸುವವರೂ ಇದರಿಂದ ಪಾರಾಗಿಲ್ಲ. ಎಣಿಕೆಯನ್ನು ತಾನೇ ನೋಡಿಕೊಳ್ಳುವ ಷೇರ್ಡ್ ಪಾಯಿಂಟರ್‌ನ ಒಳಗಿನ ಎಣಿಕೆ ಅಟಾಮಿಕ್ ಹೌದು. ಆ ಪಾಯಿಂಟರ್ ಚರಾಂಶವೇ ಅಟಾಮಿಕ್ ಅಲ್ಲ. ಒಂದೇ ಚರಾಂಶವನ್ನು ಒಂದು ಥ್ರೆಡ್ ಬದಲಿಸುತ್ತ ಇನ್ನೊಂದು ಪ್ರತಿ ಮಾಡುತ್ತಿದ್ದರೆ ಮೇಲಿನ ಕಿಂಡಿಯೇ ತೆರೆದುಕೊಳ್ಳುತ್ತದೆ. ಸಿ++20ರಲ್ಲಿ ಇದಕ್ಕೆಂದೇ ಅಟಾಮಿಕ್ ರೂಪ ಬಂದಿದೆ. ರಸ್ಟ್‌ನ ಕಂಪೈಲರ್ ಇಂಥ ಕೋಡನ್ನು ಹೊಸಿಲಲ್ಲೇ ತಡೆಯುತ್ತದೆ. ಆ ಭಾಷೆಯ ಬಗ್ಗೆ ನನ್ನ ಗೊಣಗಾಟ ಏನೇ ಇದ್ದರೂ ಈ ಒಂದಕ್ಕೆ ಋಣಿ.

ಹೆಜ್ಜೆ 6: ಎಣಿಕೆ ತುಂಬಿ ಹರಿದರೆ?

ಸೆಕೆಂಡಿಗೆ ಒಂದು ಕೋಟಿಯಂತೆ ಏರಿಸಿದರೆ 32 ಬಿಟ್‌ಗಳ ಎಣಿಕೆ ಏಳೆಂಟು ನಿಮಿಷಗಳಲ್ಲಿ ಸುತ್ತು ಹಾಕುತ್ತದೆ. 64 ಬಿಟ್ ಆದರೆ, ಸೆಕೆಂಡಿಗೆ ನೂರು ಕೋಟಿ ಏರಿಸಿದರೂ ಸುಮಾರು 584 ವರ್ಷ ಬೇಕು. ಜಾಗ ಇದ್ದರೆ 64 ಬಿಟ್ ಇಡಿ, ಚರ್ಚೆ ಮುಗಿಯಿತು. ಇಲ್ಲದಿದ್ದರೆ ತುಂಬುವ ಮೊದಲು ತಡೆ ಬೇಕು. ಲಿನಕ್ಸ್ 2017ರಲ್ಲಿ, 4.11ನೇ ಆವೃತ್ತಿಯಲ್ಲಿ, ಇದಕ್ಕಾಗಿಯೇ ರೆಫ್‌ಕೌಂಟ್ ಎಂಬ ಪ್ರತ್ಯೇಕ ಪ್ರಕಾರವನ್ನು ತಂದಿತು. ಎಣಿಕೆ ಅತಿಯಾದರೆ ಅದು ಒಂದು ಬೆಲೆಯಲ್ಲಿ ಗಂಟುಹಾಕಿಕೊಂಡು ಕೂರುತ್ತದೆ, ಏರುವುದೂ ಇಲ್ಲ ಇಳಿಯುವುದೂ ಇಲ್ಲ. ಆ ವಸ್ತು ಎಂದಿಗೂ ಮುಕ್ತವಾಗದು, ಮೆಮೊರಿ ಸೋರುತ್ತದೆ. ಸೋರಲಿ, ಸೋರಿಕೆಯಿಂದ ಯಂತ್ರ ನಿಧಾನವಾದೀತು, ತಪ್ಪು ಮುಕ್ತಿಯಿಂದ ಯಂತ್ರವೇ ಪರರ ಪಾಲಾದೀತು. ಸೊನ್ನೆಯಿಂದ ಏರಿಸಲು ಹೋದರೆ, ಸೊನ್ನೆಗಿಂತ ಕೆಳಗಿಳಿಸಲು ಹೋದರೆ ಕರ್ನಲ್ ಲಾಗ್‌ನಲ್ಲಿ ಎಚ್ಚರಿಕೆಯನ್ನೂ ಬರೆಯುತ್ತದೆ.

ರಸ್ಟ್ ಇನ್ನೂ ಕಟ್ಟುನಿಟ್ಟು: ಎಣಿಕೆ ತನ್ನ ವ್ಯಾಪ್ತಿಯ ಅರ್ಧ ದಾಟಿದರೆ ಇಡೀ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ಅರ್ಧವೇ ಏಕೆಂದರೆ ಪರೀಕ್ಷೆ ನಡೆಯುವುದು ಏರಿಸಿದ ಮೇಲೆ. ಒಂದು ಥ್ರೆಡ್ ಗಡಿ ದಾಟಿ ‘ನಿಲ್ಲಿಸು’ ಎನ್ನುವಷ್ಟರಲ್ಲಿ ಇನ್ನೂ ಹಲವು ಥ್ರೆಡ್‌ಗಳು ಏರಿಸಿರಬಹುದು. ಅವರಿಗೆಲ್ಲ ಉಳಿದರ್ಧ ಅಂಗಳ. ನಿಮ್ಮ ‘ಹಿಡಿ’ಗೂ ಇಂಥದೇ ಒಂದು ಸಾಲು ಸೇರಿಸಿ.

ಹೆಜ್ಜೆ 7: ಸುತ್ತುಬಳಸು

ತಾಯಿ ಮಗುವನ್ನು ಹಿಡಿದಿದೆ, ಮಗು ತಾಯಿಯನ್ನು ಹಿಡಿದಿದೆ: ಇಬ್ಬರ ಎಣಿಕೆಯೂ ಸೊನ್ನೆಯಾಗದು. ಒಂದು ದಿಕ್ಕನ್ನು ದುರ್ಬಲ ಹಿಡಿತವಾಗಿಸಿ, ಅಂದರೆ ವಸ್ತುವನ್ನು ಬದುಕಿಸಿಡದ ಹಿಡಿತ. ಗಟ್ಟಿ ಎಣಿಕೆ ಸೊನ್ನೆಯಾದಾಗ ಒಳಗಿನದು ನಾಶ, ದುರ್ಬಲ ಎಣಿಕೆಯೂ ಮುಗಿದಾಗ ಮೆಮೊರಿ ವಾಪಸು. ದುರ್ಬಲದಿಂದ ಗಟ್ಟಿಗೆ ಏರುವುದು ನೀವು ಆಗಲೇ ಬರೆದ ‘ಸಿಕ್ಕರೆ_ಹಿಡಿ’ಯೇ.

ಹೆಜ್ಜೆ 8: ‘ಬಿಡು’ ಎಲ್ಲಿಂದ ಕರೆದಿರಿ ಎಂಬುದನ್ನು ನೋಡಿಕೊಳ್ಳಿ

ಪ್ರತಿ ‘ಬಿಡು’ವೂ ನಾಶದ ಕರೆಯಾಗಬಹುದು. ಕೋಷ್ಟಕದ ಲಾಕ್ ಹಿಡಿದು ‘ಬಿಡು’ ಎಂದರೆ, ನಾಶಮಾಡುವ ಫಂಕ್ಷನ್ ಅದೇ ಲಾಕ್ ಕೇಳಿದಾಗ ಪ್ರೋಗ್ರಾಂ ಅಲ್ಲೇ ಕಲ್ಲಾಗುತ್ತದೆ. ಇಂಟರಪ್ಟ್‌ನ ಒಳಗಿಂದ ಬಿಟ್ಟರೆ, ನಿದ್ರಿಸಬಾರದ ಜಾಗದಲ್ಲಿ ಫೈಲ್ ಮುಚ್ಚಲು ಹೊರಟಂತಾಗುತ್ತದೆ. ಅಂಥ ಕಡೆ ನಾಶದ ಕೆಲಸವನ್ನು ಒಂದು ಕ್ಯೂಗೆ ಹಾಕಿ, ಬೇರೆ ಥ್ರೆಡ್ ಮಾಡಲಿ. ಲಕ್ಷ ಕೊಂಡಿಗಳ ಪಟ್ಟಿಯೊಂದರ ತಲೆಯನ್ನು ಬಿಟ್ಟಾಗ ಒಂದರೊಳಗೊಂದು ಲಕ್ಷ ಕರೆಗಳಾಗಿ ಸ್ಟ್ಯಾಕ್ ಒಡೆಯುವುದೂ ಉಂಟು. ಅದನ್ನು ಲೂಪ್‌ನಲ್ಲಿ ಬಿಚ್ಚಿ.

ಹೆಜ್ಜೆ 9: ವೇಗದ ಬಗ್ಗೆ ಕೊನೆಗೆ ಯೋಚಿಸಿ

ಎಣಿಕೆಯನ್ನು ಹಲವು ಕೋರ್‌ಗಳು ಒಟ್ಟಿಗೆ ಬದಲಿಸುತ್ತಿದ್ದರೆ ಅದಿರುವ ಕ್ಯಾಷ್ ಸಾಲು (ಕೋರ್ ಒಮ್ಮೆಗೆ ಎತ್ತಿಕೊಳ್ಳುವ ಮೆಮೊರಿಯ ತುಂಡು), ಬಹುತೇಕ ಎಕ್ಸ್86 ಯಂತ್ರಗಳಲ್ಲಿ 64 ಬೈಟ್, ಕೋರಿಂದ ಕೋರಿಗೆ ಚೆಂಡಿನಂತೆ ಹಾರುತ್ತಿರುತ್ತದೆ. ಮೊದಲ ಮದ್ದು ಹಿಡಿಯದಿರುವುದು: ಲೂಪ್‌ನ ಒಳಗಿನ ‘ಹಿಡಿ’, ‘ಬಿಡು’ ಜೋಡಿಯನ್ನು ಹೊರಗೆ ತನ್ನಿ, ಎರವಲು ಸಾಕಾದ ಕಡೆ ಎರವಲೇ ಕೊಡಿ. ಎಣಿಕೆಯನ್ನು ಪದೇ ಪದೇ ಓದುವ ಇತರ ವಿವರಗಳಿಂದ ದೂರ, ಬೇರೆ ಕ್ಯಾಷ್ ಸಾಲಿನಲ್ಲಿ ಇಡಿ. ಪೈಥಾನ್ ಬಹುಕಾಲ ಅಟಾಮಿಕ್ ಅಲ್ಲದ ಎಣಿಕೆಯಲ್ಲೇ, ಒಂದು ದೊಡ್ಡ ಲಾಕ್‌ನ ನೆರಳಲ್ಲಿ ಸಂಸಾರ ಮಾಡಿತು. ಆ ಲಾಕ್ ಇಲ್ಲದ 3.13ರ ಪ್ರಾಯೋಗಿಕ ರೂಪದಲ್ಲಿ ವಸ್ತುವಿನ ಒಡೆಯ ಥ್ರೆಡ್‌ಗೆ ಒಂದು ಅಗ್ಗದ ಎಣಿಕೆ, ಉಳಿದವರಿಗೆ ಇನ್ನೊಂದು ಅಟಾಮಿಕ್ ಎಣಿಕೆ ಎಂದು ವಿಂಗಡಿಸಬೇಕಾಯಿತು.

ಹೆಜ್ಜೆ 10: ಹಿಡಿದು ನೋಡುವ ಪರೀಕ್ಷೆ

ಡಿಬಗ್ ಬಿಲ್ಡ್‌ನಲ್ಲಿ ‘ಹಿಡಿ’ಗೆ ಒಂದು ಹೆಸರನ್ನೂ ಕೊಡುವಂತೆ ಮಾಡಿ: ‘ಕೋಷ್ಟಕ’, ‘ಟೈಮರ್’, ‘ಬರೆಯುವ ಥ್ರೆಡ್’. ‘ಬಿಡು’ ಅದೇ ಹೆಸರನ್ನು ಕೇಳಲಿ. ಸೋರಿಕೆಯಾದಾಗ ಎಣಿಕೆ 3 ಎಂದಷ್ಟೇ ತಿಳಿದರೆ ಪ್ರಯೋಜನವಿಲ್ಲ, ಆ ಮೂವರು ಯಾರು ಎಂದು ತಿಳಿಯಬೇಕು. ಕೋಡ್ ಪರಿಶೀಲಿಸುವಾಗ ನಾನು ಎಲ್ಲ ಬಿಟ್ಟು ಮೊದಲು ನೋಡುವುದು ನಡುವೆ ಹಿಂದಿರುಗುವ ದಾರಿಗಳನ್ನು. ಪ್ರತಿಯೊಂದರಲ್ಲೂ ‘ಈ ಕ್ಷಣ ನನ್ನ ಕೈಯಲ್ಲಿ ಎಷ್ಟು ಹಿಡಿತಗಳಿವೆ’ ಎಂದು ಬೆರಳು ಮಡಿಸಿ ಎಣಿಸುತ್ತೇನೆ.

ಆಮೇಲೆ ಯಂತ್ರದ ಸರದಿ. ಥ್ರೆಡ್ ಸ್ಯಾನಿಟೈಸರ್, ಮೆಮೊರಿಯ ತಪ್ಪು ಬಳಕೆ ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಎರಡನ್ನೂ ಬೇರೆ ಬೇರೆ ಬಿಲ್ಡ್‌ಗಳಲ್ಲಿ ಓಡಿಸಿ. ಎರಡೂ ಒಟ್ಟಿಗೆ ಇರಲಾರವು. ರಸ್ಟ್‌ನವರಿಗೆ ಥ್ರೆಡ್‌ಗಳ ಸರದಿಯನ್ನು ಬೇರೆ ಬೇರೆ ಬಗೆಯಲ್ಲಿ ಜೋಡಿಸಿ ನೋಡುವ ಲೂಮ್ ಇದೆ. ಹಲವು ಥ್ರೆಡ್‌ಗಳು ಕೋಟಿಗಟ್ಟಲೆ ಸಲ ಹಿಡಿದು ಬಿಡುವ ಒರಟು ಪರೀಕ್ಷೆಯೊಂದನ್ನು ಎಕ್ಸ್86 ಯಂತ್ರದ ಜೊತೆಗೆ ಆರ್ಮ್ ಯಂತ್ರದ ಮೇಲೂ ಓಡಿಸಿ, ರಾಸ್ಪ್‌ಬೆರಿ ಪೈ ಆದರೂ ಸರಿ. ನನ್ನನ್ನು ಎರಡು ವಾರ ಗೋಳುಹೊಯ್ದುಕೊಂಡ ಬೋರ್ಡ್ ಈಗಲೂ ಮೇಜಿನ ಮೂಲೆಯಲ್ಲಿದೆ. ಎಣಿಕೆಯ ಕೋಡನ್ನು ಮುಟ್ಟಿದ ದಿನ ರಾತ್ರಿಯಿಡೀ ಅದರ ಹಸಿರು ದೀಪ ಮಿನುಗುತ್ತಿರುತ್ತದೆ.